ಮಳೆ ಇಲ್ಲದ ಊರಿಗೆ ಹೊಳೆ ಬಂತು

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ಊರು ಜಮಖಂಡಿ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲಿದೆ. ನಮ್ಮ ಕಡೆ ಹೊಳೆ ಬಂತು ಅಂದರೆ ಪ್ರವಾಹ ಬಂತು ಅಂತಲೇ ಅರ್ಥ. ಊರಲ್ಲಿ ಒಂದು ಹನಿ ಮಳೆ ಬಿದ್ದಿರುವುದಿಲ್ಲ. ಹೊಲದಲ್ಲಿ ಧೂಳು ಹಾರುತ್ತಿರುತ್ತದೆ. ಆದರೂ ಹೊಳೆ ಬರುತ್ತದೆ. ಮಹಾಬಲೇಶ್ವರದ ಕಡೆ, ಕೊಯ್ನಾ ಕಡೆ ಸುರಿದ ಮಳೆ ಕೆಲವೇ ದಿನಗಳಲ್ಲಿ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತದೆ. ನಡುರಾತ್ರಿ ಎದ್ದು ದನ ಬಿಚ್ಚಿದ್ದು, ಜೋಳದ ಚೀಲ ಹೊತ್ತು ಎತ್ತರದ ಜಾಗಕ್ಕೆ ಓಡಿದ್ದು ನನಗೆ ಚಿಕ್ಕಂದಿನಿಂದಲೂ ರೂಢಿ. 2019ರ ಆಗಸ್ಟ್‌ನಲ್ಲಿ ಬಂದ ನೀರಿನ ಗುರುತು ನಮ್ಮ ಮನೆಯ ಗೋಡೆಯ ಮೇಲೆ ಈಗಲೂ ಇದೆ.

ಹೀಗೆ ಹೊಳೆಗೆ ಹೆದರಿಕೊಂಡೇ ಬೆಳೆದವಳು ನಾನು. ಹೋದ ವರ್ಷ ಜುಲೈ ತಿಂಗಳಲ್ಲಿ ಆಫ್ರಿಕಾದಲ್ಲಿ ಇನ್ನೊಂದು ಹೊಳೆ ಬರುವುದನ್ನು ನೋಡಿದೆ. ಅದರ ಕಥೆ ಇವತ್ತು ನಿಮಗೆ ಹೇಳಬೇಕು.

ಮಗಳು, ಅಳಿಯ ಬೋಟ್ಸ್ವಾನಾ ದೇಶದ ರಾಜಧಾನಿ ಗ್ಯಾಬೊರೋನ್‌ನಲ್ಲಿ ಕೆಲಸದಲ್ಲಿದ್ದಾರೆ. 'ಅಮ್ಮಾ, ಜೀವನದಲ್ಲಿ ಒಂದು ಸಲ ಒಕವಾಂಗೊ ನೋಡಲೇಬೇಕು' ಅಂತ ಮಗಳು ಹಟ ಹಿಡಿದಳು. ಆ ದೇಶದಲ್ಲೇ ಇರುವವರಿಗೆ ಕ್ಯಾಂಪುಗಳು ಒಂದಿಷ್ಟು ರಿಯಾಯಿತಿ ಕೊಡುತ್ತವೆ. ಹಾಗಾಗಿ ಮೂರು ರಾತ್ರಿ ಉಳಿಯುವುದು ಸಾಧ್ಯವಾಯಿತು.

ನಾನು ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟವಳು. ನದಿ ಹುಟ್ಟುತ್ತದೆ, ಹರಿಯುತ್ತದೆ, ಸಮುದ್ರ ಸೇರುತ್ತದೆ ಅಂತ ಎಷ್ಟು ವರ್ಷ ಪಾಠ ಮಾಡಿದ್ದೇನೋ! ಒಕವಾಂಗೊ ಸಮುದ್ರ ಸೇರುವುದೇ ಇಲ್ಲ. ಅಂಗೋಲಾ ದೇಶದ ಎತ್ತರದ ನಾಡಿನಲ್ಲಿ ಹುಟ್ಟಿ, ನಮೀಬಿಯಾದ ಒಂದು ಪಟ್ಟಿಯನ್ನು ದಾಟಿ, ಬೋಟ್ಸ್ವಾನಾಕ್ಕೆ ಬಂದು ಕಲಹಾರಿಯ ಮರಳಿನ ಮೇಲೆ ಬೀಸಣಿಗೆಯ ಹಾಗೆ ಹರಡಿಕೊಳ್ಳುತ್ತದೆ. ಅಲ್ಲಿಗೆ ಮುಗಿಯಿತು. ವರ್ಷಕ್ಕೆ ಸುಮಾರು 10 ಘನ ಕಿಲೋಮೀಟರ್ ನೀರು ಬರುತ್ತದೆ. ನಮಗೆ ಗೊತ್ತಿರುವ ಲೆಕ್ಕದಲ್ಲಿ ಹೇಳಿದರೆ ಹತ್ತಿರ ಹತ್ತಿರ 350 ಟಿಎಂಸಿ. ಆಲಮಟ್ಟಿ ಜಲಾಶಯ ಸುಮಾರು ಮೂರು ಸಲ ತುಂಬುವಷ್ಟು. ಅಷ್ಟೂ ನೀರು ಹೆಚ್ಚುಕಡಿಮೆ ಬಿಸಿಲಿಗೆ ಆರಿ, ಗಿಡಮರಗಳ ಎಲೆಯಿಂದ ಆವಿಯಾಗಿ ಹೋಗುತ್ತದೆ.

ಅಂಗೋಲಾದಲ್ಲಿ ಜೋರು ಮಳೆ ಜನವರಿ, ಫೆಬ್ರವರಿಯಲ್ಲಿ. ಆ ನೀರು ಬೋಟ್ಸ್ವಾನಾದ ಮೌನ್ ಪಟ್ಟಣದ ಹತ್ತಿರ ಬರುವುದು ಜೂನ್, ಜುಲೈ, ಕೆಲವು ವರ್ಷ ಆಗಸ್ಟ್. ಯಾಕೆ ಇಷ್ಟು ನಿಧಾನ? ಇಳಿಜಾರೇ ಇಲ್ಲ. 250 ಕಿಲೋಮೀಟರ್ ದೂರಕ್ಕೆ ನೆಲ ಇಳಿಯುವುದು ಸುಮಾರು 60 ಮೀಟರ್. ಮೇಲೆ ಜೊಂಡು, ಆಪು, ಪಪೈರಸ್ ಗಿಡಗಳ ತಡೆ ಬೇರೆ. ನೀರು ನಡೆಯುವುದಿಲ್ಲ, ತೆವಳುತ್ತದೆ. ಅದು ಬಂದು ತಲುಪುವ ಹೊತ್ತಿಗೆ ಬೋಟ್ಸ್ವಾನಾದಲ್ಲಿ ಮಳೆಗಾಲ ಮುಗಿದು ತಿಂಗಳುಗಳಾಗಿರುತ್ತವೆ. ಸುತ್ತಲಿನ ಹುಲ್ಲು ಒಣಗಿ ಕಡ್ಡಿಯಾಗಿರುತ್ತದೆ. ಸರಿಯಾಗಿ ಆಗ ಹೊಳೆ ಬರುತ್ತದೆ.

ಮೌನ್‌ನಿಂದ ಕ್ಯಾಂಪಿಗೆ ರಸ್ತೆ ಇಲ್ಲ. ಪುಟ್ಟ ಸೆಸ್ನಾ ವಿಮಾನ. ಗಟ್ಟಿ ಸೂಟ್‌ಕೇಸ್ ತರಬೇಡಿ, ಮೆತ್ತನೆಯ ಬ್ಯಾಗ್‌ನಲ್ಲಿ 20 ಕಿಲೋ ಅಷ್ಟೇ ಅಂತ ಮೊದಲೇ ಹೇಳಿದ್ದರು. ಮೇಲಿನಿಂದ ನೋಡಿದರೆ ನೀರು, ಹುಲ್ಲು, ನೀರು, ಹುಲ್ಲು. ಆನೆಗಳು ಓಡಾಡಿದ ದಾರಿಗಳು ಗೆರೆ ಎಳೆದ ಹಾಗೆ ಕಾಣುತ್ತವೆ. ಅಲ್ಲಲ್ಲಿ ದುಂಡನೆಯ ದ್ವೀಪಗಳು. ಪ್ರತಿ ದ್ವೀಪದ ಅಂಚಿಗೆ ದಟ್ಟ ಹಸಿರು, ನಡುವೆ ಮಾತ್ರ ಬೋಳು, ಬಿಳಿ.

ಈ ದ್ವೀಪಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಎಷ್ಟೋ ದ್ವೀಪಗಳು ಶುರುವಾಗಿದ್ದು ಹುತ್ತದಿಂದ. ಹೌದು, ಗೆದ್ದಲು ಕಟ್ಟಿದ ಹುತ್ತ. ನೀರು ಬಂದಾಗ ಸುತ್ತ ಎಲ್ಲ ಮುಳುಗುತ್ತದೆ, ಹುತ್ತದ ತುದಿ ಮಾತ್ರ ಮೇಲೆ ಉಳಿಯುತ್ತದೆ. ಅದರ ಮೇಲೆ ಹಕ್ಕಿ ಬಂದು ಕೂರುತ್ತದೆ. ಹಿಕ್ಕೆಯಲ್ಲಿ ಬೀಜ ಬೀಳುತ್ತದೆ. ಮರ ಹುಟ್ಟುತ್ತದೆ. ಬೇರಿಗೆ ಮಣ್ಣು ಕಟ್ಟಿ ಕಟ್ಟಿ ದ್ವೀಪ ದೊಡ್ಡದಾಗುತ್ತದೆ. ಆಮೇಲೆ ಆ ಮರಗಳು ಇನ್ನೊಂದು ಕೆಲಸ ಮಾಡುತ್ತವೆ. ಇಷ್ಟು ನೀರು ಆವಿಯಾಗುತ್ತಾ ಹೋದರೆ ಉಪ್ಪು ಉಳಿಯಲೇಬೇಕಲ್ವಾ? ನಮ್ಮಲ್ಲಿ ಕಾಲುವೆ ನೀರು ಜಾಸ್ತಿಯಾದ ಹೊಲಗಳು ಸವುಳಾಗಿ ಕೆಟ್ಟುಹೋಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಲ್ಲಿ ಮಾತ್ರ ನೀರು ಸಿಹಿ. ದ್ವೀಪದ ಅಂಚಿನ ಮರಗಳು ನೆಲದ ಕೆಳಗಿನ ನೀರನ್ನು ಹಗಲೆಲ್ಲ ಹೀರುತ್ತವೆ, ಉಪ್ಪು ದ್ವೀಪದ ನಡುವಿನ ಮಣ್ಣಿನಲ್ಲಿ ನಿಲ್ಲುತ್ತದೆ. ವಿಮಾನದಿಂದ ಕಂಡ ಆ ಬಿಳಿ ಬೋಳು ಅದೇ. ನಡುವಿನ ಒಂದಿಷ್ಟು ನೆಲ ಸವುಳಾದದ್ದರಿಂದ ಸುತ್ತಲಿನ ನೀರೆಲ್ಲ ಸಿಹಿಯಾಗಿ ಉಳಿದಿದೆ. ಇದನ್ನು ತಿಳಿದ ಮೇಲೆ ನನಗೆ ಅಲ್ಲಿನ ಒಂದೊಂದು ಮರದ ಮೇಲೂ ಪ್ರೀತಿ ಹುಟ್ಟಿತು.

ಕ್ಯಾಂಪು ಇದ್ದದ್ದೂ ಅಂಥ ಒಂದು ದ್ವೀಪದ ಮೇಲೆ. ಮರದ ಕಂಬ ನೆಟ್ಟು, ಅದರ ಮೇಲೆ ಹಲಗೆ ಹಾಸಿ, ದಪ್ಪ ಕ್ಯಾನ್ವಾಸಿನ ಟೆಂಟ್ ಕಟ್ಟಿದ್ದಾರೆ. ಕಾಂಕ್ರೀಟ್ ಇಲ್ಲ. ಸೋಲಾರ್ ಕರೆಂಟು. ಒಳಗೆ ದೊಡ್ಡ ಮಂಚ, ಸೊಳ್ಳೆಪರದೆ, ಬಿಸಿನೀರು, ಬಿಳಿ ಹಾಸಿಗೆ. ಐಷಾರಾಮ ಅಂದರೆ ನಿಜಕ್ಕೂ ಐಷಾರಾಮ. ಜುಲೈ ಅಲ್ಲಿ ಚಳಿಗಾಲ. ರಾತ್ರಿ ಊಟ ಮುಗಿಸಿ ಬಂದರೆ ಹೊದಿಕೆಯ ಒಳಗೆ ಬಿಸಿನೀರಿನ ರಬ್ಬರ್ ಚೀಲ ಇಟ್ಟಿರುತ್ತಿದ್ದರು. ಬೆಳಗ್ಗೆ ಐದೂವರೆಗೆ ಎಬ್ಬಿಸಿ ಜೀಪಿನಲ್ಲಿ ಕೂರಿಸುವಾಗ ಮಡಿಲಿಗೆ ಇನ್ನೊಂದು. ಕತ್ತಲಾದ ಮೇಲೆ ಟೆಂಟಿನಿಂದ ಒಬ್ಬರೇ ಹೊರಗೆ ಬರುವಂತಿಲ್ಲ. ಬೇಲಿ ಇಲ್ಲ, ಪ್ರಾಣಿಗಳು ಓಡಾಡುತ್ತವೆ. ಏನಾದರೂ ಆದರೆ ಊದಲು ಮೇಜಿನ ಮೇಲೆ ಒಂದು ಹಾರ್ನ್ ಇಟ್ಟಿದ್ದರು.

ಮೊದಲ ರಾತ್ರಿ ನಿದ್ದೆ ಬರಲಿಲ್ಲ. ನೀರಿನಲ್ಲಿ ನೀರಾನೆಗಳ ಗೊರಗೊರ ಸದ್ದು. ಆಮೇಲೆ ಟೆಂಟಿನ ಹಿಂದೆಯೇ ಏನೋ ದಪದಪ ಬಿದ್ದ ಸದ್ದು. ಒಂದು ಆನೆ ತಾಳೆಮರಕ್ಕೆ ಹಣೆ ಕೊಟ್ಟು ಅಲ್ಲಾಡಿಸುತ್ತಿತ್ತು. ಕಾಯಿ ಉದುರಿದ ಮೇಲೆ ಒಂದೊಂದನ್ನೇ ಸೊಂಡಿಲಿನಿಂದ ಹುಡುಕಿ ತಿನ್ನುತ್ತಿತ್ತು. ಅದರ ಹೊಟ್ಟೆಯ ಗುಡುಗುಡು ಕೂಡ ಕೇಳುತ್ತಿತ್ತು. ನಡುವೆ ಇದ್ದದ್ದು ಒಂದು ಬಟ್ಟೆ ಅಷ್ಟೇ. ಉಸಿರು ಬಿಗಿಹಿಡಿದು ಮಲಗಿದ್ದೆ. ಭಯಕ್ಕಿಂತ ಜಾಸ್ತಿ, ಅದಕ್ಕೆ ತೊಂದರೆ ಆಗಬಾರದು ಅಂತ.

ಅಡುಗೆಮನೆಯ ಹೆಂಗಸರು ನನ್ನನ್ನು 'ಮ್ಮಾ' ಅಂತ ಕರೆಯುತ್ತಿದ್ದರು. ಸೆಟ್ಸ್ವಾನಾ ಭಾಷೆಯಲ್ಲಿ ಹಿರಿಯ ಹೆಂಗಸರಿಗೆ ಹಾಗೇ ಅನ್ನುವುದು. 'ಡುಮೆಲಾ, ಮ್ಮಾ' ಅಂದರೆ 'ನಮಸ್ಕಾರ, ಅಮ್ಮ'. ಮನೆಯಲ್ಲಿ ನೀವು ಏನು ಊಟ ಮಾಡುತ್ತೀರಿ ಅಂತ ಕೇಳಿದೆ. ಮರುದಿನ ಬೆಳಗ್ಗೆ ಒಂದು ಬಟ್ಟಲು ತಂದಿಟ್ಟರು. ಜೋಳದ ಹಿಟ್ಟನ್ನು ಹುಳಿ ಬರಿಸಿ ಕಾಯಿಸಿದ ಗಂಜಿ. ಅದಕ್ಕೆ 'ಟಿಂಗ್' ಅನ್ನುತ್ತಾರೆ. ಒಂದು ಚಮಚ ಬಾಯಿಗಿಟ್ಟೆ, ನಮ್ಮವ್ವ ಮಾಡುತ್ತಿದ್ದ ಅಂಬಲಿಯ ಹುಳಿಯೇ! ಜೋಳ ಮೊದಲು ಬೆಳೆದದ್ದು ಆಫ್ರಿಕಾದಲ್ಲಿ, ಅಲ್ಲಿಂದ ಸಾವಿರಾರು ವರ್ಷ ಹಿಂದೆ ನಮ್ಮ ನಾಡಿಗೆ ಬಂತು ಅಂತ ಓದಿದ್ದೆ. ಆವತ್ತು ನಾಲಗೆಗೆ ಗೊತ್ತಾಯಿತು. ಮಗಳಿಗೆ ಒಂದು ಚಮಚವೂ ಉಳಿಸದೆ ಬಟ್ಟಲು ಖಾಲಿ ಮಾಡಿದೆ.

ಮೊಕೊರೊ ಅಂದರೆ ಅಲ್ಲಿನ ದೋಣಿ. ಮೊದಲು ಮರದ ದಿಮ್ಮಿ ಕೊರೆದು ಮಾಡುತ್ತಿದ್ದರು. ಈಗ ಮರ ಉಳಿಯಲಿ ಅಂತ ಫೈಬರ್‌ನದು ಜಾಸ್ತಿ. ಹಿಂದೆ ನಿಂತವರು ಉದ್ದನೆಯ ಗಳದಿಂದ ನೆಲ ಒತ್ತಿ ಒತ್ತಿ ಮುಂದಕ್ಕೆ ನೂಕುತ್ತಾರೆ. ಕೂತರೆ ನೀರು ಮೊಣಕೈಗೆ ತಾಗುವಷ್ಟು ಹತ್ತಿರ. ಆಪಿನ ನಡುವೆ ಹೋಗುವಾಗ ಜೇಡರ ಬಲೆ ಮುಖಕ್ಕೆ ಮೆತ್ತಿಕೊಳ್ಳುತ್ತದೆ. ನೀರು ಎಷ್ಟು ತಿಳಿ ಅಂದರೆ ಕೆಳಗಿನ ಮರಳಿನ ಮೇಲೆ ನಮ್ಮ ದೋಣಿಯ ನೆರಳು ಹೋಗುವುದು ಕಾಣುತ್ತದೆ. ದೋಣಿಯವರು ಒಂದು ಜೊಂಡಿನ ಕಡ್ಡಿಯನ್ನು ಮೆಲ್ಲಗೆ ಬಗ್ಗಿಸಿ ತೋರಿಸಿದರು. ಹೆಬ್ಬೆರಳಿನ ಉಗುರಿನಷ್ಟು ಒಂದು ಕಪ್ಪೆ, ಕಾಲು ಮಡಚಿಕೊಂಡು ಅಂಟಿ ಕೂತಿತ್ತು. ಆಮೇಲೆ ಒಂದು ನೈದಿಲೆಯನ್ನು ಉದ್ದ ದಂಟಿನ ಸಮೇತ ಕಿತ್ತು, ದಂಟನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಮುರಿಯುತ್ತಾ ಸಿಪ್ಪೆ ಬಿಡಿಸಿ ಸರ ಮಾಡಿ ನನ್ನ ಕೈಗೆ ಕೊಟ್ಟರು. ನಾವೂ ಕೆರೆಯಲ್ಲಿ ಹೀಗೇ ಮಾಡುತ್ತಿದ್ದೆವು ಅಂದೆ. ಅವರಿಗೆ ತುಂಬಾ ಖುಷಿಯಾಯಿತು.

ಇಷ್ಟು ದುಡ್ಡು ಕೊಟ್ಟು ಇಲ್ಲಿ ಬರಬೇಕಾ ಅನ್ನುವ ಪ್ರಶ್ನೆ ನನ್ನೊಳಗೂ ಇತ್ತು. ಒಬ್ಬರಿಗೆ ಒಂದು ರಾತ್ರಿಗೆ ಸಾವಿರ ಡಾಲರ್ ದಾಟುವ ಕ್ಯಾಂಪುಗಳು ಅಲ್ಲಿ ಹಲವು ಇವೆ. ಬಂದರೆ ಕಡಿಮೆ ಜನ ಬರಲಿ, ಬಂದವರು ಹೆಚ್ಚು ಕೊಡಲಿ ಅನ್ನುವುದು 1990ರಿಂದ ಆ ದೇಶದ ನೀತಿ. ದಿನವಿಡೀ ಓಡಾಡಿದರೂ ನಮಗೆ ಬೇರೆ ಜೀಪು ಎದುರಾದದ್ದು ಎರಡೇ ಸಲ. ಈ ಸೂಕ್ಷ್ಮ ನೆಲಕ್ಕೆ ಆ ನೀತಿ ಸರಿ ಅಂತ ನನಗೆ ಅನ್ನಿಸುತ್ತದೆ. ಆದರೆ ದೋಣಿ ನೂಕುವವರ ಮಕ್ಕಳು ಆ ಟೆಂಟಿನಲ್ಲಿ ಒಂದು ರಾತ್ರಿ ಮಲಗುವುದು ಯಾವಾಗ? ಅದೂ ಕಾಡುತ್ತದೆ. ಈ ಕಾಡು ಉಳಿದದ್ದು ಹೊರಗಿನವರಿಂದ ಅಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1966ರಲ್ಲಿ. ಅದಕ್ಕೂ ಮೂರು ವರ್ಷ ಮೊದಲು, 1963ರಲ್ಲಿ, ಅಲ್ಲಿನ ಬಟವಾನಾ ಬುಡಕಟ್ಟಿನ ಜನ ತಮ್ಮದೇ ಬೇಟೆಯ ನೆಲವನ್ನು ಮೊರೆಮಿ ಅಭಯಾರಣ್ಯ ಮಾಡಿದರು. ಆಗ ಆಳ್ವಿಕೆ ನೋಡಿಕೊಳ್ಳುತ್ತಿದ್ದದ್ದು ತೀರಿಕೊಂಡ ಮುಖ್ಯಸ್ಥರ ಪತ್ನಿ, ಶ್ರೀಮತಿ ಮೊರೆಮಿ. ಒಳಗೆ ಬದುಕಿದ್ದ ಮೂಲನಿವಾಸಿ ಸಾನ್ ಜನ ಹೊರಗೆ ಹೋಗಬೇಕಾಯಿತು ಅನ್ನುವುದನ್ನೂ ಹೇಳಲೇಬೇಕು. ಖ್ವಾಯ್ ಅನ್ನುವ ಊರಿನಲ್ಲಿ ಈಗ ಅವರಿದ್ದಾರೆ. 2014ರಲ್ಲಿ ಯುನೆಸ್ಕೊ ಒಕವಾಂಗೊವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪಟ್ಟಿಯ 1000ನೇ ಜಾಗ ಅದು.

ಇನ್ನು ಆ ಹೊಳೆ. ಎರಡನೇ ದಿನ ಸಂಜೆ ಗೈಡ್ ಜೀಪು ನಿಲ್ಲಿಸಿ, 'ಮ್ಮಾ, ಇಳಿದು ನೋಡಿ, ಬಂತು' ಅಂದರು. ಒಣಹುಲ್ಲಿನ ಒಂದು ತಗ್ಗು. ಮೊದಲು ನನಗೆ ಏನೂ ಕಾಣಲಿಲ್ಲ. ಬಗ್ಗಿ ನೋಡಿದೆ. ಅಂಗೈ ಅಗಲದ ನೀರಿನ ನಾಲಗೆ, ಹುಲ್ಲಿನ ಬುಡದಿಂದ ಬುಡಕ್ಕೆ ಚಾಚಿಕೊಳ್ಳುತ್ತಿತ್ತು. ಒಂದು ಬೆರಳಿನಷ್ಟು ಮುಂದೆ ಬರುತ್ತದೆ, ಮರಳು ಕುಡಿಯುತ್ತದೆ, ನಿಲ್ಲುತ್ತದೆ. ಒಳಗಿದ್ದ ಗಾಳಿ ಸಣ್ಣ ಸಣ್ಣ ಗುಳ್ಳೆಯಾಗಿ ಮೇಲೆ ಬಂದು ಒಡೆಯುತ್ತದೆ. ಮತ್ತೆ ಒಂದು ಬೆರಳು. ಇರುವೆಗಳು, ಜೀರುಂಡೆಗಳು ಗಡಿಬಿಡಿಯಲ್ಲಿ ಹುಲ್ಲುಕಡ್ಡಿ ಹತ್ತುತ್ತಿದ್ದವು. ಥೇಟ್ ನಾವು ಗಂಟುಮೂಟೆ ಕಟ್ಟಿಕೊಂಡು ಎತ್ತರಕ್ಕೆ ಓಡಿದ ಹಾಗೆ. ಅವನ್ನು ಹೆಕ್ಕಲು ಕೊಕ್ಕರೆಗಳು ಆಗಲೇ ಸಾಲಾಗಿ ಬಂದು ನಿಂತಿದ್ದವು. ಸದ್ದೇ ಇಲ್ಲ. ನಮ್ಮ ಹೊಳೆ ಬರುವಾಗ ಎಷ್ಟು ಆರ್ಭಟ!

ಜನವರಿಯಲ್ಲಿ ಎಲ್ಲೋ ಅಂಗೋಲಾದ ಗುಡ್ಡದ ಮೇಲೆ ಬಿದ್ದ ಮಳೆ ಇದು. ನಾನು ಚಪ್ಪಲಿ ಬಿಚ್ಚಿ ಅದರ ಮುಂದೆ ಪಾದ ಇಟ್ಟು ಕಾದೆ. ಸ್ವಲ್ಪ ಹೊತ್ತಿನಲ್ಲಿ ತಣ್ಣಗೆ ಬಂದು ಬೆರಳು ಮುಟ್ಟಿತು.

ಗೈಡ್ 2019ರ ಮಾತು ತೆಗೆದರು. ಆ ವರ್ಷ ನೀರು ತೀರ ಕಡಿಮೆ ಬಂದಿತ್ತಂತೆ. ನೀರಾನೆಗಳು ಕೆಸರಿನ ಗುಂಡಿಗಳಲ್ಲಿ ಸಿಕ್ಕಿಕೊಂಡು ನರಳಿದವಂತೆ. ಅದೇ ವರ್ಷ ನಮ್ಮ ಮನೆ ಮುಳುಗಿತ್ತು ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೇಲಿನವರು ನೀರು ತಡೆದರೆ ಏನು ಗತಿ ಅಂತ ಕೇಳಿದೆ. ಕೃಷ್ಣೆಯ ದಂಡೆಯವರಿಗೆ ಮೊದಲು ಬರುವ ಪ್ರಶ್ನೆ ಅದೇ ತಾನೆ. ಅಂಗೋಲಾ, ನಮೀಬಿಯಾ, ಬೋಟ್ಸ್ವಾನಾ ಮೂರೂ ಸೇರಿ 1994ರಲ್ಲೇ ಒಂದು ನದಿ ಆಯೋಗ ಮಾಡಿಕೊಂಡಿವೆ. ಈವರೆಗೂ ಆ ನದಿಗೆ ದೊಡ್ಡ ಜಲಾಶಯ ಬಿದ್ದಿಲ್ಲ. ಹಾಗೇ ಉಳಿಯಲಿ ಅಂತ ಮನಸಾರೆ ಬೇಡಿಕೊಂಡೆ. ಆ ದೇಶದಲ್ಲಿ ಮಳೆಗೆ 'ಪುಲಾ' ಅನ್ನುತ್ತಾರೆ. ದುಡ್ಡಿಗೂ ಅದೇ ಹೆಸರು. ಒಳ್ಳೆಯದಾಗಲಿ ಅಂತ ಹರಸುವುದಕ್ಕೂ ಅದೇ ಮಾತು.

ವಾಪಸ್ ಮೌನ್‌ಗೆ ಬಂದಾಗ, ಊರ ನಡುವಿನ ತಮಲಕಾನೆ ನದಿಗೂ ಹೊಸ ನೀರು ಬಂದಿತ್ತು. ಸೇತುವೆಯ ಹತ್ತಿರ ಹೆಂಗಸರು, ಮಕ್ಕಳು, ಶಾಲೆಯ ಯೂನಿಫಾರ್ಮಿನ ಹುಡುಗರು ಗುಂಪಾಗಿ ನಿಂತಿದ್ದರು. ಅಲ್ಲಿಂದಲೇ ಊರಿಗೆ, ನನ್ನ ತಮ್ಮನಿಗೆ ಫೋನ್ ಮಾಡಿದೆ.

'ಅಕ್ಕಾ, ಅಲ್ಲೂ ಹೊಳಿ ಬಂದೈತೇನ?' ಅಂದ.

'ಬಂದೈತೋ.'

'ಮಂದಿ ಊರ ಬಿಟ್ಟಾರೇನ?'

'ಇಲ್ಲೋ ತಮ್ಮಾ, ಹೊಳಿ ನೋಡಾಕ ಬಂದ ನಿಂತಾರ.'