ಗೊತ್ತಿರುವ ಮನೆಯ ಕತ್ತಲು

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಮಕ್ಕಳ ಜೊತೆ ಅಪ್ಪ ಅಮ್ಮಂದಿರೂ ಕೂತಿರುವುದು ನೋಡಿ ತುಂಬ ಸಂತೋಷ ಆಯಿತು. ಇವತ್ತು ನಾನು ಒಂದೇ ಒಂದು ಮನೆಯ ಬಗ್ಗೆ ಮಾತಾಡುತ್ತೇನೆ. ಆ ಮನೆ ಇರುವುದು ಒಂದು ವಿಡಿಯೋ ಗೇಮಿನ ಒಳಗೆ. ಅದನ್ನು ಕಟ್ಟಿದ್ದು ಗೇಮ್ ಮಾಡಿದ ಕಂಪನಿಯಲ್ಲ, ಆಡುವವರಲ್ಲೇ ಒಬ್ಬರು.

ಗೇಮಿನ ಹೆಸರು ಡೂಮ್. 1993ರ ಡಿಸೆಂಬರ್‌ನಲ್ಲಿ ಬಂತು. ಮುಂದಿನ ವರ್ಷವೇ ಡೂಮ್ 2 ಬಂತು. ಅದನ್ನು ಮಾಡಿದ ಇಡ್ ಸಾಫ್ಟ್‌ವೇರ್ ಕಂಪನಿಯವರು ಒಂದು ದೊಡ್ಡ ಕೆಲಸ ಮಾಡಿದರು. ಗೇಮನ್ನು ಓಡಿಸುವ ಪ್ರೋಗ್ರಾಂ ಬೇರೆ, ಅದರೊಳಗಿನ ಮ್ಯಾಪ್, ಚಿತ್ರ, ಸದ್ದು ಬೇರೆ ಅಂತ ಇಟ್ಟರು. ಮ್ಯಾಪ್ ಅಂದರೆ ನಾವು ಓಡಾಡಿ ಆಡುವ ಜಾಗ. ಮ್ಯಾಪ್ ಎಲ್ಲ ವ್ಯಾಡ್ ಅನ್ನುವ ಫೈಲಿನಲ್ಲಿ ಇರುತ್ತದೆ. ಹಾಗಾಗಿ ಯಾರು ಬೇಕಾದರೂ ತಮ್ಮದೇ ವ್ಯಾಡ್ ಮಾಡಬಹುದು. 1997ರಲ್ಲಿ ಗೇಮಿನ ಮೂಲ ಕೋಡನ್ನೂ ಬಿಟ್ಟುಕೊಟ್ಟರು. ಅದಕ್ಕೇ ಆ ಗೇಮಿಗೆ ಇವತ್ತಿಗೂ ಹೊಸ ಮ್ಯಾಪ್‌ಗಳು ಬರುತ್ತಲೇ ಇವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡೂಮ್ ಸಣ್ಣ ಮಕ್ಕಳ ಆಟ ಅಲ್ಲ. ಬಂದೂಕು, ರಕ್ತ ಎಲ್ಲ ಇದೆ. ಹೈಸ್ಕೂಲ್ ದಾಟಿದವರು ಆಡಲಿ.

ನಾನು ಹೇಳಹೊರಟ ಮ್ಯಾಪ್ 2023ರ ಮಾರ್ಚ್‌ನಲ್ಲಿ ಬಂತು. ಹೆಸರು ಮೈಹೌಸ್. ಬಾಲ್ಯದ ಗೆಳೆಯ ತೀರಿಕೊಂಡ, ಅವನ ಹಳೆಯ ಫ್ಲಾಪಿಯಲ್ಲಿ ಈ ಮ್ಯಾಪ್ ಸಿಕ್ಕಿತು, ಅವನ ನೆನಪಿಗೆ ಇದನ್ನು ಪೂರ್ತಿ ಮಾಡಿದ್ದೇನೆ ಅಂತ ಜೊತೆಗೆ ಒಂದು ಟಿಪ್ಪಣಿ ಇತ್ತು. ಅದೂ ಕಥೆಯ ಒಂದು ಭಾಗವೇ. ಆದರೆ ಮೊದಲು ಆಡಿದವರಿಗೆ ಅದು ಗೊತ್ತಿರಲಿಲ್ಲ. ಒಳಗೆ ಹೋದರೆ ಒಂದು ಸಾಮಾನ್ಯ ಮನೆ. ಮಹಡಿ ಇದೆ. ಅಡುಗೆಮನೆ, ಮಲಗುವ ಕೋಣೆ, ಬಚ್ಚಲು ಇವೆ. ಒಂದಷ್ಟು ರಾಕ್ಷಸರನ್ನು ಹೊಡೆದು, ಬೀಗದ ಕೈ ಹುಡುಕಿ ಆಚೆ ಬಂದರೆ ಮುಗಿಯಿತು ಅನ್ನಿಸುತ್ತದೆ.

ಆಮೇಲೆ ಮನೆ ಬದಲಾಗಲು ಶುರುವಾಗುತ್ತದೆ. ಒಮ್ಮೆಗೇ ಅಲ್ಲ. ಹಿನ್ನೆಲೆಯ ಸಂಗೀತ ಸ್ವಲ್ಪ ಸ್ವಲ್ಪವೇ ಬೇರೆಯಾಗುತ್ತಾ ಹೋಗುತ್ತದೆ. ಒಂದು ಕೋಣೆಗೆ ಹೋಗಿ ವಾಪಸ್ ಬಂದರೆ, ಬಿಟ್ಟುಹೋದ ಮನೆ ಇದೇನಾ ಅನ್ನಿಸುತ್ತದೆ. ಬಚ್ಚಲಿನ ಕನ್ನಡಿಯ ಆಚೆಗೂ ಒಂದು ಮನೆ ಇದೆ. ಎಲ್ಲ ಅದೇ, ಆದರೆ ಎಡಕ್ಕಿದ್ದದ್ದು ಬಲಕ್ಕಿದೆ.

ಇದು ಹೇಗೆ ಸಾಧ್ಯ ಅಂತ ಹೇಳುತ್ತೇನೆ. ನಿಮ್ಮ ಮನೆ ಮುಂದೆ ಹಾಕುವ ಚುಕ್ಕಿ ರಂಗೋಲಿ ನೆನಪು ಮಾಡಿಕೊಳ್ಳಿ. ಚುಕ್ಕಿ ಇಡುತ್ತೀರಿ, ಗೆರೆ ಎಳೆದು ಸೇರಿಸುತ್ತೀರಿ, ಗೆರೆಯ ನಡುವೆ ಬಣ್ಣ ತುಂಬುತ್ತೀರಿ. ಡೂಮ್ ಮ್ಯಾಪ್ ಕೂಡ ಹಾಗೇ. ಚುಕ್ಕಿ, ಗೆರೆ, ಗೆರೆ ಸುತ್ತುವರಿದ ಜಾಗ. ಆ ಜಾಗಕ್ಕೆ ನೆಲ ಎಷ್ಟು ಎತ್ತರ, ಮೇಲ್ಛಾವಣಿ ಎಷ್ಟು ಎತ್ತರ ಅಂತ ಒಂದೊಂದೇ ಅಂಕಿ. ರಂಗೋಲಿ ಮೇಲೆ ಇನ್ನೊಂದು ರಂಗೋಲಿ ಹಾಕುವಂತಿಲ್ಲ, ಅಲ್ವಾ? ಹಾಗೆಯೇ ಮೂಲ ಡೂಮ್‌ನಲ್ಲಿ ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಇರಲು ಸಾಧ್ಯವೇ ಇಲ್ಲ. ಅಂದರೆ ಮಹಡಿ ಮನೆ ಕಟ್ಟುವಂತೆಯೇ ಇಲ್ಲ.

ಮೈಹೌಸ್ ಓಡುವುದು ಜಿಝೆಡ್‌ಡೂಮ್ ಅನ್ನುವ ಹೊಸ ಕಾಲದ ಪ್ರೋಗ್ರಾಂನಲ್ಲಿ. ಅದರಲ್ಲಿ ಒಂದು ಜಾಗವನ್ನು ದೂರದ ಇನ್ನೊಂದು ಜಾಗಕ್ಕೆ ಅಂಟಿಸಬಹುದು. ನಡೆಯುತ್ತಿರುವವರನ್ನು ಸದ್ದಿಲ್ಲದೆ ಎತ್ತಿ ಬೇರೆ ಕಡೆ ಇಡಬಹುದು. ಮ್ಯಾಪ್ ಬಿಚ್ಚಿ ನೋಡಿದರೆ ಒಂದೇ ಮನೆಯ ಹಲವು ಪ್ರತಿಗಳು ಕಾಣುತ್ತವೆ. ಪ್ರತಿಯೊಂದರಲ್ಲೂ ಚೂರು ವ್ಯತ್ಯಾಸ. ನೀವು ಒಂದೇ ಮನೆಯಲ್ಲಿ ಓಡಾಡುತ್ತಿದ್ದೀರಿ ಅಂದುಕೊಂಡಿರುತ್ತೀರಿ. ಅಷ್ಟರಲ್ಲಿ ಎರಡು ಮೂರು ಮನೆ ದಾಟಿರುತ್ತೀರಿ.

ಇದನ್ನು ಆಡುವಾಗ ನನಗೆ ಭಯ ಆಯಿತು. ಆ ಭಯ ಎಲ್ಲಿಂದ ಬಂತು ಅಂತ ಬಹಳ ದಿನ ಯೋಚಿಸಿದೆ. ರಾಕ್ಷಸರಿಂದ ಅಂತೂ ಅಲ್ಲ. ನನಗೆ ಉತ್ತರ ಸಿಕ್ಕಿದ್ದು ನಮ್ಮ ಅಜ್ಜನ ಮನೆಯಲ್ಲಿ.

ಅದು ಕೊಪ್ಪದ ಹತ್ತಿರ ಒಂದು ತೊಟ್ಟಿಮನೆ. ಚಿಕ್ಕವನಿದ್ದಾಗ ಕರೆಂಟ್ ಹೋದರೂ ಆ ಮನೆಯಲ್ಲಿ ನನಗೆ ದೀಪ ಬೇಕಿರಲಿಲ್ಲ. ಪಡಸಾಲೆಯಿಂದ ಬಚ್ಚಲಿಗೆ ಕಾಲೇ ಕರೆದುಕೊಂಡು ಹೋಗುತ್ತಿತ್ತು. ಅಜ್ಜ ಹೋದ ಮೇಲೆ ಮನೆ ಹಿಸ್ಸೆ ಆಯಿತು. ಪಡಸಾಲೆಯ ನಡುವೆ ಗೋಡೆ ಬಂತು. ಅದು ಬಂದದ್ದು ನನಗೆ ಗೊತ್ತಿತ್ತು. ಹಗಲು ನೋಡಿಯೂ ಇದ್ದೆ. ಆದರೆ ಒಂದು ರಾತ್ರಿ ಕತ್ತಲಲ್ಲಿ ಎದ್ದು ಹೊರಟಾಗ, ದಾರಿ ಇರಬೇಕಾದಲ್ಲಿ ಅಂಗೈಗೆ ತಣ್ಣನೆಯ ಸಿಮೆಂಟ್ ತಾಗಿತು. ಎದೆ ಧಸಕ್ಕೆಂದಿತು. ನಾನು ಎಲ್ಲಿದ್ದೇನೆ ಅಂತ ಒಂದು ಕ್ಷಣ ತಿಳಿಯಲಿಲ್ಲ. ಕಾಡಿನಲ್ಲಿ ದಾರಿ ತಪ್ಪಿದಾಗಲೂ ನನಗೆ ಅಂಥ ಭಯ ಆಗಿಲ್ಲ.

ಮೈಹೌಸ್ ಕಟ್ಟಿದವರಿಗೆ ಇದು ಗೊತ್ತು. ಅದಕ್ಕೇ ಮೊದಲು ಸ್ವಲ್ಪ ಹೊತ್ತು ಏನೂ ವಿಶೇಷ ತೋರಿಸುವುದಿಲ್ಲ. ಮನೆ ನಮ್ಮ ಕಾಲಿಗೆ ರೂಢಿ ಆಗಲಿ ಅಂತ ಬಿಡುತ್ತಾರೆ. ಎಷ್ಟು ತಾಳ್ಮೆ ಬೇಕು ನೋಡಿ! ತಿಂಗಳುಗಟ್ಟಲೆ ಮಾಡಿದ ಕೆಲಸವನ್ನು ಒಂದು ಸಪ್ಪೆ ಮನೆಯ ಹಿಂದೆ ಬಚ್ಚಿಟ್ಟು, ಕೆಲವರು ಅಷ್ಟಕ್ಕೇ ಆಡಿ ಬಿಟ್ಟುಹೋದರೂ ಹೋಗಲಿ ಅಂತ ಸುಮ್ನೆ ಕೂರುವುದು. ನನ್ನ ಪ್ರಕಾರ ಆ ಮ್ಯಾಪಿನ ಅತಿ ದೊಡ್ಡ ಗುಣ ಇದೇ. ಕನ್ನಡಿಗಿಂತಲೂ, ಅಲ್ಲಿರುವ ಎಲ್ಲ ಚಮತ್ಕಾರಕ್ಕಿಂತಲೂ ಜಾಸ್ತಿ. ಅದಕ್ಕೇ ಹೇಳುತ್ತೇನೆ, ಆಡುವುದಾದರೆ ಮೊದಲು ಉತ್ತರದ ವಿಡಿಯೋ ನೋಡಬೇಡಿ. ಸಿಕ್ಕಿಹಾಕಿಕೊಳ್ಳಿ. ಅದೇ ಕೋಣೆಗೆ ಐದು ಸಲ ಹೋಗಿ.

ಅದನ್ನು ಆಡಿದ ಮೇಲೆ ನಾನೂ ಅಜ್ಜನ ಮನೆಯನ್ನು ಮ್ಯಾಪ್ ಮಾಡಲು ಕೂತೆ. ಗೋಡೆ ಬರುವ ಮುಂಚಿನ ಮನೆ. ಜಗಲಿ ಆಯಿತು, ತೊಟ್ಟಿ ಆಯಿತು, ಬಚ್ಚಲ ಹಂಡೆಯೂ ಆಯಿತು. ಅಟ್ಟದ ಮೆಟ್ಟಿಲಿಗೆ ಬಂದು ನಿಂತೆ. ಡೂಮ್‌ಗೆ ಅದರದೇ ಒಂದು ಅಳತೆ ಇದೆ. ಆ ಲೆಕ್ಕದಲ್ಲಿ ಆಡುವವರ ಎತ್ತರ 56 ಅಳತೆ. 24 ಅಳತೆಗಿಂತ ಎತ್ತರದ ಮೆಟ್ಟಿಲನ್ನು ಅವರು ಹತ್ತಲಾರರು. ಪ್ರತಿ ಮೆಟ್ಟಿಲಿಗೂ ಬೇರೆ ಗೆರೆ, ಬೇರೆ ಎತ್ತರ ಕೊಡಬೇಕು. ಹಾಗಾಗಿ ಎಷ್ಟು ಮೆಟ್ಟಿಲು ಅಂತ ಸರಿಯಾಗಿ ಗೊತ್ತಿರಬೇಕು. ನನಗೆ ನೆನಪಿರಲಿಲ್ಲ. ಆ ಮೆಟ್ಟಿಲು ಹಿಸ್ಸೆಯಲ್ಲಿ ಚಿಕ್ಕಪ್ಪನ ಕಡೆಗೆ ಹೋಗಿತ್ತು. ಎರಡು ಮನೆಯ ನಡುವೆ ಮಾತು ನಿಂತು ವರ್ಷಗಳೇ ಆಗಿದ್ದವು.

ಫೋನ್ ಮಾಡಿದೆ. ಯಾಕೆ ಏನು ಅಂತ ಚಿಕ್ಕಪ್ಪ ಕೇಳಲಿಲ್ಲ. ಫೋನ್ ಕೈಯಲ್ಲಿ ಹಿಡಿದೇ ಎದ್ದು ಹೋದರು. ಒಂದೊಂದೇ ಮೆಟ್ಟಿಲು ಹತ್ತುವ ಸದ್ದು ಕೇಳುತ್ತಿತ್ತು. ಕೊನೆಗೆ ಉಸಿರು ತಗೊಂಡು ಹೇಳಿದರು, "ಹದಿಮೂರು ಮಾರಾಯ. ಮೇಲಿಂದು ಸ್ವಲ್ಪ ಅಲ್ಲಾಡ್ತದೆ. ಅದನ್ನೂ ಹಾಕು."