ಅಂಗೈಯಗಲದ ಲಂಡನ್

ಕೇಳುಗರೇ, ನಮಸ್ಕಾರ. ಒಂದು ಪೋಸ್ಟ್‌ಕಾರ್ಡನ್ನು ಕಣ್ಮುಂದೆ ತಂದುಕೊಳ್ಳಿ. ಹೆಚ್ಚುಕಡಿಮೆ ಅಷ್ಟೇ ಅಗಲದ ಒಂದು ಅಚ್ಚಿನ ಚಿತ್ರದಲ್ಲಿ 1665ರ ಲಂಡನ್ ಇದೆ. ಮಾಡಿದವನು ವೆನ್ಸೆಸ್ಲಾಸ್ ಹಾಲರ್. 1607ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿ, ಯುದ್ಧದ ಕಾಲದಲ್ಲಿ ಊರು ಬಿಟ್ಟು, ಕೊನೆಗೆ ಲಂಡನ್ನಿನಲ್ಲಿ ನೆಲೆ ನಿಂತವನು.

ಊರಾಚೆ ಇಸ್ಲಿಂಗ್ಟನ್ ಕಡೆಯಿಂದ ಕಂಡ ನೋಟ ಇದು. ಮುಂದೆ ಒಂದು ಕೊಳ, ಪಕ್ಕದಲ್ಲಿ ಊರಿಗೆ ನೀರು ಹಂಚುವ ಮನೆ. ದೂರದ ಬುಗ್ಗೆಗಳಿಂದ ಕಾಲುವೆ ತೋಡಿ 1613ರಲ್ಲಿ ಲಂಡನ್ನಿಗೆ ನೀರು ತಂದಿದ್ದು ಇಲ್ಲಿಗೇ. ಆಚೆ ಬಯಲು. ಬಯಲಿನ ಅಂಚಿಗೆ ಊರು. ಮನೆಗಳ ತಲೆಯ ಮೇಲೆ ಹಳೆಯ ಸೇಂಟ್ ಪಾಲ್ ಚರ್ಚು, ಉಗುರಿನಷ್ಟು.

ಆ ಚರ್ಚು ದೂರದಲ್ಲಿದೆ ಅಂತ ಕಣ್ಣಿಗೆ ಗೊತ್ತಾಗುವುದು ಹೇಗೆ? ಗೆರೆ ಸಣ್ಣಗಿರುವುದರಿಂದ. ಆದರೆ ಇದು ಪೆನ್ಸಿಲನ್ನು ಹಗುರವಾಗಿ ಹಿಡಿದಷ್ಟು ಸುಲಭ ಅಲ್ಲ. ತಾಮ್ರದ ತಗಡಿಗೆ ಮೇಣ ಬಳಿದು ಸೂಜಿಯಿಂದ ಗೀರುತ್ತಾರೆ. ಆಮೇಲೆ ಆಸಿಡ್. ಗೀರಿದ ಕಡೆ ಮಾತ್ರ ಅದು ತಾಮ್ರವನ್ನು ತಿನ್ನುತ್ತದೆ. ಆ ಗೆರೆಗಳಿಗೆ ಶಾಯಿ ತುಂಬಿ ಕಾಗದಕ್ಕೆ ಒತ್ತಿದರೆ ಅಚ್ಚು. ಆಸಿಡ್ಡಿನಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಗೆರೆ ಆಳ, ಅಚ್ಚಿನಲ್ಲಿ ಕಪ್ಪು. ಹಾಗಾಗಿ ದೂರದ ಗೆರೆಗಳನ್ನು ಬೇಗ ವಾರ್ನಿಷ್ ಹಚ್ಚಿ ಮುಚ್ಚಬೇಕು, ಹತ್ತಿರದವನ್ನು ಮತ್ತೆ ಆಸಿಡ್ಡಿಗೆ ಬಿಡಬೇಕು. ಅಚ್ಚಿನಲ್ಲಿ ಎಡ ಬಲವಾಗುತ್ತದೆ, ಹಾಗಾಗಿ ಅದೂ ಎಡಬಲ ತಿರುಗಿಸಿ ಬರೆದ ಚಿತ್ರದಲ್ಲಿ! ಅಂಗೈಯಗಲದ ತಗಡಿನ ಮೇಲೆ ಎಂಥ ತಾಳ್ಮೆ ಬೇಕು, ಯೋಚಿಸಿ.

ಹಾಲರ್‌ಗೆ ಗಂಟೆಗೆ 4 ಪೆನ್ನಿ ಕೂಲಿಯಂತೆ. ಎದುರಿಗೆ ಮರಳು ಗಡಿಯಾರ. ಯಾರಾದರೂ ಮಾತಿಗೆ ನಿಂತರೆ ಅದನ್ನು ಅಡ್ಡ ಮಲಗಿಸುತ್ತಿದ್ದನಂತೆ, ಮಾತಾಡಿದ ಹೊತ್ತಿಗೆ ಕೂಲಿ ಸೇರಬಾರದು ಅಂತ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಈ ಮಾತು ಕೇಳಿದ ಮೇಲೆ.

1665 ಲಂಡನ್ನಿಗೆ ಪ್ಲೇಗು ಬಂದ ವರ್ಷ. ಚೆನ್ನಾಗಿ ಚಿತ್ರ ಬರೆಯುತ್ತಿದ್ದ ಹಾಲರ್‌ನ ಮಗ ಆ ಪ್ಲೇಗಿನಲ್ಲೇ ತೀರಿಕೊಂಡ. ಮರುವರ್ಷ ಸೆಪ್ಟೆಂಬರಿನಲ್ಲಿ ಬೆಂಕಿ. 13,000ಕ್ಕೂ ಹೆಚ್ಚು ಮನೆಗಳು ಸುಟ್ಟವು, ಸೇಂಟ್ ಪಾಲ್ ಕೂಡ. ಹಾಲರ್ ಮತ್ತೆ ಸೂಜಿ ಹಿಡಿದ. ಸುಡುವ ಮುಂಚಿನ ಊರು, ಸುಟ್ಟ ಮೇಲಿನ ಊರು, ಎರಡನ್ನೂ ಒಂದೇ ಹಾಳೆಯಲ್ಲಿ ಮೇಲೆ ಕೆಳಗೆ ಇಟ್ಟು ತೋರಿಸಿದ.

ಟೊರಾಂಟೊ ವಿಶ್ವವಿದ್ಯಾಲಯದ ಫಿಶರ್ ಗ್ರಂಥಾಲಯ ಹಾಲರ್‌ನ ಚಿತ್ರಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಇಸ್ಲಿಂಗ್ಟನ್ನಿನ ಚಿತ್ರಗಳನ್ನು ತೆರೆದು, ದೊಡ್ಡದು ಮಾಡಿ, ಆ ಚರ್ಚನ್ನು ಹುಡುಕಿ. ಗೋಪುರ ಮೊಂಡಾಗಿ ಕಾಣುತ್ತದೆ. ಅದರ ಚೂಪು ಶಿಖರ 1561ರಲ್ಲೇ ಸಿಡಿಲು ಬಡಿದು ಹೋಗಿತ್ತು. ನಮಸ್ಕಾರ.