ಬಯಲು ಖಾಲಿ ಅಲ್ಲ: ನಿಮ್ಮ ಪಂಚಾಯ್ತಿಯಲ್ಲಿರುವ ಆ ಪುಸ್ತಕ ಕೇಳಿ

[ದೃಶ್ಯ: ಮನೆಯ ಜಗಲಿ. ಮೂಲೆಯಲ್ಲಿರುವ ಪೊರಕೆಯನ್ನು ಕೈಗೆತ್ತಿಕೊಂಡು ಮಾತು ಶುರು]

ನಮಸ್ಕಾರ. ಈ ಪೊರಕೆ ನೋಡಿ. ಹಂಚಿಕಡ್ಡಿ ಪೊರಕೆ. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಕಡೆಯವರಿಗೆ ಇದನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಈ ಹುಲ್ಲನ್ನು ಯಾರೂ ಬಿತ್ತಿಲ್ಲ, ಯಾರೂ ನೀರು ಹಾಯಿಸಿಲ್ಲ. ಕಾವಲಿನಲ್ಲಿ, ಅಂದರೆ ದನ ಕುರಿ ಮೇಯುವ ಹುಲ್ಲಿನ ಬಯಲಿನಲ್ಲಿ, ಗುಡ್ಡದ ಇಳಿಜಾರಿನಲ್ಲಿ ಮಳೆ ಬಿದ್ದಾಗ ತಾನಾಗಿ ಎದ್ದು ಬರುತ್ತದೆ.

ಈ ಹುಲ್ಲು ಬೆಳೆಯುವ ಜಾಗಕ್ಕೆ ಕಂದಾಯದ ಕಾಗದದಲ್ಲಿ ಏನಂತ ಬರೆದಿರುತ್ತಾರೆ ಗೊತ್ತಾ? ಬಹಳ ಕಡೆ ಬೀಳು, ಖರಾಬು. ಕೆಲಸಕ್ಕೆ ಬಾರದ ನೆಲ ಅಂತ.

[ದೃಶ್ಯ: ಚಳ್ಳಕೆರೆ ಕಡೆಯ ಹುಲ್ಲುಗಾವಲು, ಗಾಳಿಗೆ ಬಾಗುವ ಒಣ ಹುಲ್ಲು, ದೂರದಲ್ಲಿ ಕುರಿಮಂದೆ]

ಆದರೆ ಅದೇ ನೆಲದಲ್ಲಿ ಕೃಷ್ಣಮೃಗ ಓಡುತ್ತದೆ. ತೋಳ ಮರಿ ಹಾಕುತ್ತದೆ. ನೆಲಗುಬ್ಬಿ, ಗೌಜಲಹಕ್ಕಿ ಹುಲ್ಲಿನ ಬುಡದಲ್ಲೇ ಗೂಡು ಮಾಡುತ್ತವೆ. ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯೂ ಇಂಥ ಬಯಲನ್ನೇ ನಂಬಿ ಬದುಕಿದ್ದು. ಅಮೃತಮಹಲ್ ದನಗಳು ಮೇದು ಬೆಳೆದದ್ದು ಈ ಕಾವಲುಗಳಲ್ಲೇ. ಈ ಕಡೆಯ ಮ್ಯಾಸಬೇಡ ಸಮುದಾಯದ ದೇವರ ಎತ್ತುಗಳನ್ನು ಅವುಗಳ ಕಾವಲುಗಾರರಾದ ಕಿಲಾರಿಗಳು ಇವತ್ತಿಗೂ ಇಲ್ಲೇ ಕಾಯುತ್ತಾರೆ. ಆ ಎತ್ತುಗಳನ್ನು ಮಾರುವ ಹಾಗಿಲ್ಲ, ನೊಗಕ್ಕೆ ಕಟ್ಟುವ ಹಾಗಿಲ್ಲ. ಮೇವು ಮಾತ್ರ ಬೇಕು. ಬಯಲು ಹೋದರೆ ಮೇವು ಎಲ್ಲಿಂದ ತರೋದು?

ಚಳ್ಳಕೆರೆ ತಾಲ್ಲೂಕಿನಲ್ಲಿ 2010ರ ಆಸುಪಾಸಿನಲ್ಲಿ ಸುಮಾರು 10 ಸಾವಿರ ಎಕರೆ ಕಾವಲು ದೊಡ್ಡ ದೊಡ್ಡ ಯೋಜನೆಗಳಿಗೆ ಹೋಯಿತು. ಪ್ರಕರಣ ಪರಿಸರದ ವ್ಯಾಜ್ಯ ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ನಿಮ್ಮ ಊರಿನ ಬಯಲಿನ ವಿಷಯದಲ್ಲೂ ನಾಳೆ ಯಾರಾದರೂ ‘ಅಲ್ಲಿ ಏನಿದೆ?’ ಅಂತ ಕೇಳಬಹುದು. ಆಗ ತೋರಿಸಲು ನಿಮ್ಮ ಹತ್ತಿರ ಏನಿದೆ?

ಒಂದು ಪುಸ್ತಕ ಇರಬೇಕು. ಇವತ್ತಿನ ವಿಡಿಯೋ ಅದರ ಬಗ್ಗೆಯೇ.

[ದೃಶ್ಯ: ಗ್ರಾಮ ಪಂಚಾಯ್ತಿ ಕಟ್ಟಡ, ಬೀರು, ಕಡತಗಳು]

2002ರಲ್ಲಿ ಜೀವವೈವಿಧ್ಯ ಕಾಯ್ದೆ ಬಂತು. ಅದರ 41ನೇ ಸೆಕ್ಷನ್ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಮಾಡಬೇಕು. ಹಳ್ಳಿಯಲ್ಲಿ ಗ್ರಾಮ ಪಂಚಾಯ್ತಿ, ಪೇಟೆಯಲ್ಲಿ ಪುರಸಭೆ, ದಾವಣಗೆರೆಯಂಥ ಊರಲ್ಲಿ ಮಹಾನಗರ ಪಾಲಿಕೆ. 2004ರ ನಿಯಮದಲ್ಲಿ ಸಮಿತಿಗೆ ಅಧ್ಯಕ್ಷರ ಜೊತೆ ಆರು ಜನರವರೆಗೆ ಸದಸ್ಯರು ಅಂತ ಇತ್ತು. ಅವರಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆ ಇಲ್ಲದಂತೆ ಮಹಿಳೆಯರು, ಶೇ 18ಕ್ಕೆ ಕಡಿಮೆ ಇಲ್ಲದಂತೆ ಪರಿಶಿಷ್ಟ ಜಾತಿ, ಪಂಗಡದವರು ಇರಬೇಕಿತ್ತು. ಈ ಸಮಿತಿಯ ಮೊದಲ ಕೆಲಸ ಜನರ ಜೊತೆ ಕೂತು ಒಂದು ದಾಖಲೆ ಬರೆಯುವುದು. ಹೆಸರು ಜನತಾ ಜೀವವೈವಿಧ್ಯ ದಾಖಲಾತಿ.

ಊರಲ್ಲಿ ಯಾವ ಮರ, ಯಾವ ಹುಲ್ಲು, ಯಾವ ಮೀನು, ಯಾವ ಹಕ್ಕಿ, ಯಾವ ತಳಿಯ ದನ, ಯಾವ ನಾಟಿ ಬೀಜ, ಯಾವ ಗಿಡ ಯಾವ ಕಾಯಿಲೆಗೆ ಮದ್ದು. ಎಲ್ಲ ಅದರಲ್ಲಿ ಬರಬೇಕು. ಇಂಥ ದಾಖಲಾತಿಯ ಯೋಚನೆಯನ್ನು 1990ರ ದಶಕದಲ್ಲಿ ಬೆಳೆಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳ್ ಮುಖ್ಯರು. ತಿಳಿದವರು ಊರಲ್ಲೇ ಇದ್ದಾರೆ, ಅವರನ್ನು ಕೇಳಿ ಬರೆಯೋಣ ಅನ್ನುವುದು ಅದರ ಜೀವಾಳ.

ಈಗ ದೇಶದಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಸಮಿತಿಗಳಿವೆ. ಎಷ್ಟೋ ಕಡೆ ಅವು ಹುಟ್ಟಿದ್ದು ಅವಸರದಲ್ಲಿ. 2019ರಲ್ಲಿ ಹಸಿರು ನ್ಯಾಯಮಂಡಳಿ ಗಡುವು ಹಾಕಿತು. 2020ರ ಜನವರಿ ಮುಗಿಯುವುದರೊಳಗೆ ಕೆಲಸ ಮುಗಿಸದಿದ್ದರೆ ಆ ರಾಜ್ಯ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಅಂದಿತು. ಗಡಿಬಿಡಿಯಲ್ಲಿ ಬರೆದ ಪುಸ್ತಕ ಹೇಗಿರುತ್ತದೆ ಅಂತ ನಾನೇ ಕಂಡಿದ್ದೇನೆ. ಒಂದು ಪಂಚಾಯ್ತಿಯಲ್ಲಿ ಕೇಳಿ ತೆಗೆಸಿ ನೋಡಿದೆ. ಮರಗಳ ಪಟ್ಟಿ ಉದ್ದಕ್ಕೆ ಇತ್ತು. ಹುಲ್ಲಿನ ಪುಟ ಖಾಲಿ. ಕುರಿಗಾಹಿಗಳೇ ತುಂಬಿರುವ ಊರು ಅದು! ಅವತ್ತು ನನಗೆ ನಿಜವಾಗಿ ಬೇಜಾರಾಯಿತು.

[ದೃಶ್ಯ: ಬೇವಿನ ಮರದ ಕೆಳಗೆ ಹಿರಿಯರು, ಕೈಯಲ್ಲಿ ಒಣ ಹುಲ್ಲಿನ ಕಟ್ಟುಗಳು]

ಅದೇ ಊರಿನ ಒಬ್ಬ ಅಜ್ಜಿಯನ್ನು ಮಾತಾಡಿಸಿದೆ. ‘ಅಜ್ಜಿ, ಕುರಿ ಯಾವ ಹುಲ್ಲು ಮೊದಲು ಮೇಯುತ್ತದೆ?’ ಅಂದೆ. ಎದ್ದು ಹೋದರು. ಐದು ನಿಮಿಷದಲ್ಲಿ ಏಳು ಥರದ ಹುಲ್ಲು ಕಿತ್ತು ತಂದು ಮುಂದೆ ಹಾಕಿದರು. ಇದು ಮುಂಗಾರಿಗೆ, ಇದು ಒಣಗಿದ ಮೇಲೆ, ಇದನ್ನು ಹಸಿವಾದರಷ್ಟೇ ಮುಟ್ಟುತ್ತವೆ ಅಂದರು. ‘ನನ್ನನ್ನು ಯಾರಪ್ಪ ಕೇಳಿದ್ರು?’ ಅಂತಲೂ ಅಂದರು. ಆ ಸಮಿತಿಯಲ್ಲಿ ಒಂದು ಕುರ್ಚಿ ಅವರದ್ದೇ ಆಗಬೇಕಿತ್ತು, ಅಲ್ವಾ?

ದಾಖಲೆ ಸರಿ ಇಲ್ಲದಿದ್ದರೆ ಒಳ್ಳೆಯ ಮನಸ್ಸಿನಿಂದಲೂ ತಪ್ಪಾಗುತ್ತದೆ. ಬಯಲು ಕಂಡ ತಕ್ಷಣ ಸಸಿ ನೆಡಲು ಹೋಗುತ್ತೇವೆ. ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ಒತ್ತೊತ್ತಾಗಿ ಮರ ಬೆಳೆಸಿದರೆ ನೆರಳಿಗೆ ಹುಲ್ಲು ಸಾಯುತ್ತದೆ. ಬಯಲಿನ ಹಕ್ಕಿ ಜಾಗ ಬಿಡುತ್ತದೆ. ಬಳ್ಳಾರಿ ಜಾಲಿಯ ಕಥೆ ನಿಮಗೆ ಗೊತ್ತೇ ಇದೆ. ಅಮೆರಿಕ ಖಂಡದ ಗಿಡ. ಸೌದೆಗೆ, ಹಸಿರಿಗೆ ಅಂತ ತಂದು ಹಾಕಿದ್ದು. ಕುರಿ, ದನ ಕಾಯಿ ತಿನ್ನುತ್ತವೆ, ಸಗಣಿ ಬಿದ್ದಲ್ಲೆಲ್ಲ ಮೊಳಕೆ. ಸುಮ್ನೆ ಕಡಿದರೆ ಬುಡದಿಂದ ನಾಲ್ಕು ಚಿಗುರು. ಎಳೆಯದಿದ್ದಾಗಲೇ ಬೇರು ಸಮೇತ ಕೀಳಬೇಕು, ಅದೂ ಕಾಯಿ ಹಣ್ಣಾಗುವ ಮುಂಚೆ. ಒಬ್ಬ ರೈತ ತನ್ನ ಹೊಲದಲ್ಲಿ ಮಾಡಿದರೆ ಪಕ್ಕದ ಗೋಮಾಳದಿಂದ ಮತ್ತೆ ಬರುತ್ತದೆ. ಅದಕ್ಕೇ ಇದು ಪಂಚಾಯ್ತಿ ಕೈಹಾಕಬೇಕಾದ ಕೆಲಸ ಅಂತ ನಾನು ಹೇಳುವುದು.

[ದೃಶ್ಯ: ಜಗಳೂರು ತಾಲ್ಲೂಕು, ಕುರುಚಲು ಕಾಡು]

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ 2011ರಿಂದ ಕೊಂಡುಕುರಿ ಧಾಮ. ಸುಮಾರು 77 ಚದರ ಕಿಲೋಮೀಟರ್. ಕೊಂಡುಕುರಿ ಅಂದರೆ ಕುರಿಯಲ್ಲ, ಹುಲ್ಲೆ ಜಾತಿಯ ಕಾಡುಪ್ರಾಣಿ. ಗಂಡಿಗೆ ನಾಲ್ಕು ಕೊಂಬು. ಧಾಮದ ಒಳಗೆ ಅರಣ್ಯ ಇಲಾಖೆ ನೋಡಿಕೊಳ್ಳುತ್ತದೆ. ಆದರೆ ಕೊಂಡುಕುರಿಗೆ ಗಡಿಕಲ್ಲು ಗೊತ್ತಿಲ್ಲ. ಆಚೆಯ ಗುಡ್ಡ, ಹಳ್ಳ, ಗೋಕಟ್ಟೆ ಬಹುಪಾಲು ಪಂಚಾಯ್ತಿ ವ್ಯಾಪ್ತಿಯವು. ಬೇಸಿಗೆಯಲ್ಲಿ ಬೆಂಕಿ ಬೀಳುವುದನ್ನು ಮೊದಲು ಕಾಣುವುದು ಕುರಿ ಕಾಯುವವರು. ಅವರ ಫೋನ್ ನಂಬರ್ ಸಮಿತಿಯ ಹತ್ತಿರ ಇದ್ದರೆ ಸಾಕು, ಎಷ್ಟೋ ಹುಲ್ಲು ಉಳಿಯುತ್ತದೆ.

ಸಮಿತಿಗೆ ಇನ್ನೂ ಒಂದು ಅಧಿಕಾರ ಇದೆ. ತನ್ನ ವ್ಯಾಪ್ತಿಯಿಂದ ವ್ಯಾಪಾರಕ್ಕಾಗಿ ಕಾಯಿ, ಬೇರು, ಔಷಧಿ ಗಿಡ ಒಯ್ಯುವವರಿಂದ ಶುಲ್ಕ ವಸೂಲಿ ಮಾಡಬಹುದು. ಆ ಹಣ ಇಡಲು ಸ್ಥಳೀಯ ಜೀವವೈವಿಧ್ಯ ನಿಧಿಗೂ ಕಾಯ್ದೆಯಲ್ಲಿ ಜಾಗ ಇದೆ. ತೀರಾ ಅಪರೂಪದ ಜಾಗವಾದರೆ ಸ್ಥಳೀಯ ಸಂಸ್ಥೆಗಳನ್ನು ಕೇಳಿ ಸರ್ಕಾರ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಬಹುದು. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪಿಗೆ 2007ರಲ್ಲಿ ಈ ಮಾನ್ಯತೆ ಸಿಕ್ಕಿತು. ದೇಶದಲ್ಲೇ ಅದು ಮೊದಲನೆಯದು.

ಊರ ಹುಣಸೆ ತೋಪಿಗೆ ಸಿಗುವುದಾದರೆ ನಮ್ಮ ಒಂದು ಕಾವಲಿಗೆ ಯಾಕೆ ಸಿಗಬಾರದು?

[ದೃಶ್ಯ: ಮತ್ತೆ ಜಗಲಿ]

ಗ್ರಾಮಸಭೆಯ ತಮಟೆ ಕೇಳಿಸಿದಾಗ ಈ ಸಲ ತಪ್ಪದೆ ಹೋಗಿ. ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಅವರಿಗೆ ‘ಸರ್, ನಮ್ಮ ಜೀವವೈವಿಧ್ಯ ದಾಖಲಾತಿ ತೋರಿಸಿ’ ಅಂತ ಕೇಳಿ. ಊರಿನ ಕಿಲಾರಿ, ನಾಟಿ ವೈದ್ಯರು, ನವಣೆ, ಸಾವೆ ಬೀಜ ಇಟ್ಟುಕೊಂಡಿರುವ ಅಕ್ಕಂದಿರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಪುಸ್ತಕ ಕೈಗೆ ಬಂದ ಮೇಲೆ ಹುಲ್ಲಿನ ಪುಟ ತೆಗೆಯಿರಿ. ಹಂಚಿಕಡ್ಡಿ ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲೇ ಕೂತು ಬರೆಸಿ.